ಕೀಲಿಕೈ ಯಾರ ಬಳಿ ಇದೆ?

ಕಾವ್ಯ, ಕಾದಂಬರಿ, ನಾಟಕಗಳನ್ನು ತೂಗಿ ನೋಡುವ ನಾವು, ವ್ಯಾಪಾರ ಸಂಸ್ಥೆಯೊಂದು ತನ್ನ ಗ್ರಾಹಕರಿಗೆ ಬರೆದ ಪತ್ರವನ್ನು ಜಾಹೀರಾತೆಂದು ಬಗೆದು ಬದಿಗಿಡುತ್ತೇವೆ. ಆದರೆ ಅಮೆರಿಕದ ಆಪಲ್ ಸಂಸ್ಥೆಯ ಮುಖ್ಯಸ್ಥ ಟಿಮ್ ಕುಕ್ ಅವರು 2016ರ ಫೆಬ್ರವರಿ 16ರಂದು ತಮ್ಮ ಗ್ರಾಹಕರನ್ನು ಉದ್ದೇಶಿಸಿ ಪ್ರಕಟಿಸಿದ ಬಹಿರಂಗ ಪತ್ರವನ್ನು ಹಾಗೆ ಬದಿಗಿಡುವುದು ಉಚಿತವಲ್ಲ. ಒಬ್ಬ ಮನುಷ್ಯನ ಗುಟ್ಟಿನ ಮೇಲೆ ಸರ್ಕಾರಕ್ಕೆ ಎಷ್ಟು ಅಧಿಕಾರವಿದೆ, ಆ ಗುಟ್ಟನ್ನು ಕಾಯುವ ವ್ಯಾಪಾರಿಗೆ ಎಷ್ಟು ಹೊಣೆಯಿದೆ ಎಂಬ ಪ್ರಶ್ನೆಯನ್ನು ಅದು ಸಾಮಾನ್ಯ ಓದುಗನ ಮುಂದೆ ಇಟ್ಟಿತು. ಅನಂತರದ ವರ್ಷಗಳಲ್ಲಿ ಅದೇ ಸಂಸ್ಥೆ ನಡೆದುಕೊಂಡ ರೀತಿಯನ್ನು ಪಕ್ಕದಲ್ಲಿಟ್ಟುಕೊಂಡು ಆ ಪತ್ರವನ್ನು ಮತ್ತೊಮ್ಮೆ ಓದಲು ಈಗ ಸಕಾಲ.

ಮೊದಲು ಹಿನ್ನೆಲೆ. 2015ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಎಂಬಲ್ಲಿ ದಂಪತಿಗಳಿಬ್ಬರು ಗುಂಡಿನ ಮಳೆಗರೆದು 14 ಜನರನ್ನು ಕೊಂದರು. 22 ಜನ ಗಾಯಗೊಂಡರು. ಹಂತಕರಿಬ್ಬರೂ ಅಂದೇ ಪೊಲೀಸರ ಗುಂಡಿಗೆ ಬಲಿಯಾದರು. ಅವರಲ್ಲಿ ಗಂಡ ಅಲ್ಲಿನ ಕೌಂಟಿಯ ನೌಕರ. ಕಚೇರಿಯಿಂದ ಅವನಿಗೆ ಕೊಟ್ಟಿದ್ದ ಐಫೋನ್ 5ಸಿ ತನಿಖೆ ನಡೆಸುತ್ತಿದ್ದ ಎಫ್‌ಬಿಐ ಕೈಸೇರಿತು. ಅದರೊಳಗೆ ಸಹಚರರ ಸುಳಿವು ಏನಾದರೂ ಇದ್ದೀತೇ ಎಂದು ತಿಳಿಯುವ ಹಂಬಲ ತನಿಖೆದಾರರಿಗೆ ಇದ್ದುದು ಸಹಜ, ನ್ಯಾಯವೂ ಹೌದು. ಆದರೆ ಫೋನಿಗೆ ಬೀಗ ಬಿದ್ದಿತ್ತು.

ಈ ಬೀಗದ ಸ್ವರೂಪವನ್ನು ಸ್ವಲ್ಪ ಅರಿತುಕೊಳ್ಳಬೇಕು. ಎನ್‌ಕ್ರಿಪ್ಶನ್ ಎಂದರೆ ಬರಹವನ್ನು ಗಣಿತದ ಮೂಲಕ ಗೂಢಲಿಪಿಯಾಗಿ ಮಾರ್ಪಡಿಸುವ ವಿದ್ಯೆ. ಕೀಲಿಕೈ ಇದ್ದವನಿಗೆ ಅದು ಬರಹ, ಇಲ್ಲದವನಿಗೆ ಅರ್ಥವಿಲ್ಲದ ಅಂಕಿಗಳ ರಾಶಿ. ಐಫೋನಿನ ಕೀಲಿಕೈ ರೂಪುಗೊಳ್ಳುವುದು ಎರಡು ಅಂಶಗಳಿಂದ: ಯಂತ್ರದೊಳಗೆ ಹುದುಗಿರುವ ಗುಪ್ತಸಂಖ್ಯೆ ಒಂದು, ಬಳಸುವವನು ತನ್ನ ಮನಸ್ಸಿನಲ್ಲಿ ಇಟ್ಟುಕೊಂಡ ಸಂಕೇತಸಂಖ್ಯೆ ಇನ್ನೊಂದು. ನಾಲ್ಕಂಕಿಯ ಸಂಕೇತಕ್ಕೆ ಇರುವ ಸಾಧ್ಯತೆಗಳು 10,000 ಮಾತ್ರ. ಯಂತ್ರದ ಮೂಲಕ ಒಂದಾದ ಮೇಲೊಂದರಂತೆ ಪರೀಕ್ಷಿಸಿದರೆ ಕಾಲು ಗಂಟೆಯೊಳಗೆ ಮುಗಿಯುವ ಕೆಲಸ. ಹಾಗಾಗದಂತೆ ಆಪಲ್ ಸಂಸ್ಥೆ ಕಾವಲು ಇಟ್ಟಿತ್ತು: ತಪ್ಪು ಸಂಖ್ಯೆ ಒತ್ತಿದಂತೆಲ್ಲ ಕಾಯುವ ಅವಧಿ ಹೆಚ್ಚುತ್ತದೆ, ಬಳಕೆದಾರ ಹಾಗೆಂದು ಆರಿಸಿಕೊಂಡಿದ್ದರೆ ಹತ್ತನೆಯ ತಪ್ಪಿಗೆ ಒಳಗಿನ ಮಾಹಿತಿ ಶಾಶ್ವತವಾಗಿ ಅಳಿಯುತ್ತದೆ.

ನ್ಯಾಯಾಧೀಶೆ ಶೆರಿ ಪಿಮ್ ಅವರು ಆ ಫೆಬ್ರವರಿ 16ರಂದು ಹೊರಡಿಸಿದ ಆದೇಶ ಈ ಕಾವಲನ್ನು ತೆಗೆಯುವ ವಿಶೇಷ ತಂತ್ರಾಂಶವೊಂದನ್ನು ಆಪಲ್ ತಾನೇ ರಚಿಸಿಕೊಡಬೇಕೆಂದಿತು. ಅದಕ್ಕೆ ಆಧಾರ 1789ರಷ್ಟು ಹಳೆಯದಾದ ಆಲ್ ರಿಟ್ಸ್ ಕಾಯಿದೆ. ಆಪಲ್‌ನ ಗುಪ್ತ ಅಂಕಿತವಿಲ್ಲದ ಯಾವ ತಂತ್ರಾಂಶವನ್ನೂ ಐಫೋನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಸರ್ಕಾರ ನೇರವಾಗಿ ಕೀಲಿಕೈಯನ್ನು ಕೇಳಲಿಲ್ಲವಾದರೂ, ಕೇಳಿದ್ದು ಆ ಅಂಕಿತದ ಬಲವನ್ನೇ. ಮಾರ್ಚ್ 10ರಂದು ಸಲ್ಲಿಸಿದ ವಾದಪತ್ರದ ಅಡಿಟಿಪ್ಪಣಿಯೊಂದರಲ್ಲಿ ಸರ್ಕಾರವು, ಸಂಸ್ಥೆಗೆ ಈ ಕೆಲಸ ಹೊರೆಯೆನಿಸಿದರೆ ಮೂಲ ತಂತ್ರಾಂಶವನ್ನೂ ಅಂಕಿತದ ಕೀಲಿಯನ್ನೂ ತನಗೇ ಒಪ್ಪಿಸಬಹುದೆಂಬ ಸೂಚನೆಯನ್ನು ಮೆಲ್ಲನೆ ಇಟ್ಟಿತು. ಬೆದರಿಕೆಗೆ ಅಡಿಟಿಪ್ಪಣಿಗಿಂತ ವಿನಯದ ಜಾಗ ಇನ್ನೊಂದಿರಲಾರದು.

ಈಗ ಪತ್ರಕ್ಕೆ ಬರೋಣ. ಅದರ ಗುಣವನ್ನು ಮೊದಲು ಒಪ್ಪಿಕೊಳ್ಳುವುದು ವಿಮರ್ಶಕನ ಧರ್ಮ. ಪತ್ರದ ಧ್ವನಿ ಸಂಯಮದ್ದು. ಮಡಿದವರಿಗಾಗಿ ದುಃಖವನ್ನೂ, ಭಯೋತ್ಪಾದಕರ ಬಗೆಗೆ ತನಗೆ ಕಿಂಚಿತ್ತೂ ಅನುಕಂಪವಿಲ್ಲವೆಂಬುದನ್ನೂ ಅದು ಸ್ಪಷ್ಟವಾಗಿ ಹೇಳುತ್ತದೆ. ತನಿಖೆದಾರರ ಉದ್ದೇಶ ಒಳ್ಳೆಯದೇ ಎಂದು ನಂಬುತ್ತದೆ. ಅನಂತರ ತನ್ನ ವಾದವನ್ನು ಹೂಡುತ್ತದೆ: ಇಂಥ ತಂತ್ರಾಂಶ ಒಮ್ಮೆ ಸೃಷ್ಟಿಯಾದರೆ ಅದನ್ನು ಒಂದೇ ಫೋನಿಗೆ ಸೀಮಿತಗೊಳಿಸುವ ಭರವಸೆಯನ್ನು ಯಾರೂ ಕೊಡಲಾರರು, ಕೋಟ್ಯಂತರ ಬೀಗಗಳನ್ನು ತೆರೆಯಬಲ್ಲ ಕೀಲಿಗೆ ಅದು ಸಮಾನ, ಇಂದು ಒಳ್ಳೆಯವರ ಕೈಯಲ್ಲಿರುವುದು ನಾಳೆ ಕಳ್ಳನ ಕೈ ಸೇರೀತು. ತಾಂತ್ರಿಕ ಪರಿಭಾಷೆಯ ಹಂಗಿಲ್ಲದೆ ಇಷ್ಟು ಕಠಿಣ ವಿಷಯವನ್ನು ತಿಳಿಯಾಗಿ ಹೇಳಿದ ವ್ಯಾಪಾರಪತ್ರಗಳು ವಿರಳ.

ಇನ್ನೊಂದು ಪಕ್ಷವನ್ನೂ ಕೇಳಬೇಕು. ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಅವರು ಐದು ದಿನಗಳ ತರುವಾಯ ಬರೆದ ಉತ್ತರದಲ್ಲಿ, ತಮಗೆ ಬೇಕಾಗಿರುವುದು ನ್ಯಾಯಾಲಯದ ಅನುಮತಿಯೊಂದಿಗೆ ಈ ಒಂದು ಫೋನಿನ ಸಂಕೇತವನ್ನು ಊಹಿಸುವ ಅವಕಾಶ ಮಾತ್ರವೆಂದೂ, ಬದುಕುಳಿದವರ ಕಣ್ಣಿಗೆ ಕಣ್ಣಿಟ್ಟು ನೋಡಬೇಕಾದರೆ ಆ ಸುಳಿವನ್ನು ಹಿಂಬಾಲಿಸದೆ ಬಿಡಲಾಗದೆಂದೂ ಹೇಳಿದರು. ಇದನ್ನು ಹಗುರವಾಗಿ ತಳ್ಳಿಹಾಕುವವರು ಮಕ್ಕಳನ್ನು ಕಳೆದುಕೊಂಡ ಮನೆಯ ಜಗಲಿಯಲ್ಲಿ ಒಮ್ಮೆ ಕುಳಿತು ಬರಬೇಕು. ಸಾವಿನ ಮನೆಗೆ ಹೋಗುವುದು ನನ್ನ ವೃತ್ತಿಯ ಭಾಗ. ಅಲ್ಲಿ ಉಳಿದವರು ಕೇಳುವ ಮೊದಲ ಪ್ರಶ್ನೆ 'ಯಾಕೆ?' ಎಂಬುದು. ಆ ಪ್ರಶ್ನೆಗೆ ಉತ್ತರ ಒಂದು ಪೆಟ್ಟಿಗೆಯಲ್ಲಿ ಇರಬಹುದು, ಪೆಟ್ಟಿಗೆ ತೆರೆಯಬಲ್ಲವನು ತೆರೆಯಲೊಲ್ಲ ಎಂದು ತಿಳಿದರೆ ಅವರಿಗೆ ಹೇಗಾದೀತು? ಪತ್ರದಲ್ಲಿ ಈ ನೋವಿಗೆ ಒಂದು ಗೌರವದ ನಮಸ್ಕಾರವಿದೆ; ಅದರೊಡನೆ ಕುಳಿತುಕೊಳ್ಳುವ ವ್ಯವಧಾನ ಇಲ್ಲ. ಇದು ಪತ್ರದ ಮೊದಲ ಕೊರತೆ.

ಹಾಗಾದರೆ ಒಂದೇ ಫೋನು ಎಂಬ ಮಾತು ನಿಲ್ಲುತ್ತದೆಯೇ? ಅದೇ ತಿಂಗಳು ಮ್ಯಾನ್‌ಹಟನ್‌ನ ಸರ್ಕಾರಿ ವಕೀಲರು ತಮ್ಮ ಬಳಿ ತೆರೆಯಲಾಗದ 175 ಐಫೋನುಗಳು ಇವೆಯೆಂದು ತಿಳಿಸಿದರು. ಫೆಬ್ರವರಿ 29ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನ್ಯಾಯಾಧೀಶ ಜೇಮ್ಸ್ ಒರೆನ್‌ಸ್ಟೈನ್ ಅವರು ಮಾದಕವಸ್ತುಗಳಿಗೆ ಸಂಬಂಧಿಸಿದ ಇನ್ನೊಂದು ಮೊಕದ್ದಮೆಯಲ್ಲಿ, ಹಳೆಯ ಕಾಯಿದೆ ಇಂಥ ಅಧಿಕಾರವನ್ನು ಕೊಡುವುದಿಲ್ಲವೆಂದು ಸರ್ಕಾರದ ಕೋರಿಕೆಯನ್ನು ತಿರಸ್ಕರಿಸಿದರು. ಒಂದರ ಹಿಂದೆ ನೂರು ನಿಂತಿದ್ದವು ಎಂಬುದರಲ್ಲಿ ಸಂಶಯವಿಲ್ಲ. ಕೊನೆಗೆ, ಸ್ಯಾನ್ ಬರ್ನಾರ್ಡಿನೊ ಪ್ರಕರಣದ ವಿಚಾರಣೆಯ ಹಿಂದಿನ ದಿನವಾದ ಮಾರ್ಚ್ 21ರಂದು ಸರ್ಕಾರ ಕಾಲಾವಕಾಶ ಬೇಡಿತು. 28ರಂದು, ಹೊರಗಿನವರ ನೆರವಿನಿಂದ ಫೋನು ತೆರೆದಾಯಿತೆಂದು ತಿಳಿಸಿ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು. ಒಳಗೆ ಮಹತ್ವದ್ದೇನೂ ದೊರೆಯಲಿಲ್ಲವೆಂದು ವರದಿಯಾಯಿತು. ಬ್ಯೂರೊದ ಒಳಗಿನ ಘಟಕಗಳೇ ಪರಸ್ಪರ ಸರಿಯಾಗಿ ಸಮಾಲೋಚಿಸಿರಲಿಲ್ಲ, ನೆರವಾಗಬಲ್ಲ ಹೊರಗಿನವರು ಗುರಿಯ ಸಮೀಪಕ್ಕೆ ಬಂದಿದ್ದರು ಎಂಬ ಸಂಗತಿ 2018ರಲ್ಲಿ ಅಲ್ಲಿನ ನ್ಯಾಯ ಇಲಾಖೆಯ ಮಹಾಪರಿವೀಕ್ಷಕರ ವರದಿಯಿಂದ ಬೆಳಕಿಗೆ ಬಂತು. ಪತ್ರ ಎತ್ತಿದ ಪ್ರಶ್ನೆಗೆ ಮಾತ್ರ ಆ ಮೊಕದ್ದಮೆಯಲ್ಲಿ ತೀರ್ಪು ಸಿಗಲಿಲ್ಲ.

ಆದ್ದರಿಂದ ತೀರ್ಪನ್ನು ಓದುಗರಾದ ನಾವೇ ಹುಡುಕಬೇಕಾಗಿದೆ. ಪತ್ರದ ಮಧ್ಯದಲ್ಲಿ, ಅವಸರದ ಕಣ್ಣಿಗೆ ಬೀಳದ ಒಂದು ಮಾತಿದೆ. ತನ್ನ ವಶದಲ್ಲಿರುವ ಮಾಹಿತಿಯನ್ನು ಎಫ್‌ಬಿಐ ಕೇಳಿದಾಗ ಸಂಸ್ಥೆ ಕೊಟ್ಟಿದೆ ಎಂಬುದೇ ಆ ಮಾತು. ಪತ್ರದ ಇಡೀ ಭಾರ ನಿಂತಿರುವುದು 'ತನ್ನ ವಶದಲ್ಲಿರುವ' ಎಂಬ ಆ ಪುಟ್ಟ ವಿಶೇಷಣದ ಮೇಲೆ. ಫೋನಿನೊಳಗಿನದನ್ನು ತಾನೇ ಓದಲಾಗದಂತೆ ಮಾಡಿಕೊಂಡಿದ್ದೇವೆ ಎಂದು ಪತ್ರ ಹೆಮ್ಮೆಪಡುತ್ತದೆ; ಅದು ದಿಟ. ಆದರೆ ಅದೇ ಫೋನಿನ ಚಿತ್ರ, ಸಂದೇಶ, ವಿಳಾಸಗಳ ಪ್ರತಿ ಬ್ಯಾಕಪ್ ಎಂಬ ಹೆಸರಿನಲ್ಲಿ ಸಂಸ್ಥೆಯ ದೂರದ ಗಣಕಗಳಿಗೆ ಹೋಗಿ ಕೂಡುತ್ತಿತ್ತು. ಅದರ ಕೀಲಿಕೈ ಸಂಸ್ಥೆಯ ಬಳಿಯೇ ಇತ್ತು. ಹಂತಕನ ಫೋನಿನ ಹಳೆಯ ಪ್ರತಿಗಳನ್ನು ಆಪಲ್ ನ್ಯಾಯಾಲಯದ ಅಪ್ಪಣೆಯಂತೆ ಕೊಟ್ಟಿತ್ತು ಕೂಡ. ಮುಂಬಾಗಿಲಿಗೆ ಭದ್ರವಾದ ಬೀಗ, ಹಿತ್ತಿಲ ಕೊಟ್ಟಿಗೆಯ ಕೀಲಿ ಮಾತ್ರ ಗೌಡನ ಸೊಂಟದಲ್ಲಿ. ಇದನ್ನು ಸಾಮಾನ್ಯ ಗ್ರಾಹಕನಿಗೆ ಪತ್ರ ಬಿಡಿಸಿ ಹೇಳುವುದಿಲ್ಲ. ಇದು ಎರಡನೆಯ ಕೊರತೆ, ಮೊದಲನೆಯದಕ್ಕಿಂತ ದೊಡ್ಡದು.

ಆ ವಿಶೇಷಣದ ಬೆಲೆ ಮುಂದಿನ ವರ್ಷಗಳಲ್ಲಿ ತಿಳಿಯಿತು. ಚೀನಾದ ಸೈಬರ್ ಭದ್ರತಾ ಕಾಯಿದೆ 2017ರಲ್ಲಿ ಜಾರಿಗೆ ಬಂತು. 2018ರ ಫೆಬ್ರವರಿ 28ರಿಂದ ಅಲ್ಲಿನ ಬಳಕೆದಾರರ ಐಕ್ಲೌಡ್ ಸಂಗ್ರಹವನ್ನು ಗ್ವಿಜೌ ಪ್ರಾಂತ್ಯದ ಸರ್ಕಾರಿ ಒಡೆತನದ ಸಂಸ್ಥೆಯೊಂದು ನಡೆಸತೊಡಗಿತು. ಅದುವರೆಗೆ ಅಮೆರಿಕದಲ್ಲಿದ್ದ ಕೀಲಿಗಳೂ ಚೀನಾದ ನೆಲಕ್ಕೆ ಹೋದವು. ಕೀಲಿಗಳ ಮೇಲಿನ ಹಿಡಿತ ತನ್ನದೇ ಎಂದು ಆಪಲ್ ಹೇಳಿತು. ಆದರೆ ಕೀಲಿ ಇರುವ ನೆಲದ ಕಾನೂನು ಕೀಲಿಗೂ ಅನ್ವಯಿಸುತ್ತದೆ ಎಂಬುದನ್ನು ಅರಿಯಲು ನ್ಯಾಯಶಾಸ್ತ್ರ ಓದಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಹಿರಂಗ ಪತ್ರ ಬರೆದವರು ಗ್ವಿಜೌ ವಿಷಯದಲ್ಲಿ ಅಂಥ ಪತ್ರ ಬರೆಯಲಿಲ್ಲ. ಬರೆಯಲು ಅವಕಾಶವಿರುವ ದೇಶದಲ್ಲಿ ಮಾತ್ರ ಬರೆಯಬಹುದಾದ ಪತ್ರ ಅದು ಎಂಬುದು ಆಗ ಮನದಟ್ಟಾಯಿತು.

ಸಂಸ್ಥೆ ತಿದ್ದಿಕೊಳ್ಳಲೇ ಇಲ್ಲವೆಂದರೆ ಅನ್ಯಾಯವಾದೀತು. 2022ರ ಡಿಸೆಂಬರ್‌ನಲ್ಲಿ ಅದು ಬ್ಯಾಕಪ್‌ನ ಕೀಲಿಯನ್ನೂ ಬಳಕೆದಾರನ ಕೈಗೇ ಒಪ್ಪಿಸುವ ಹೊಸ ಏರ್ಪಾಡನ್ನು ಪ್ರಕಟಿಸಿತು. ಬೇಕೆಂದವರು ಆರಿಸಿಕೊಳ್ಳಬಹುದಾದ ಏರ್ಪಾಡು ಅದು. 2025ರ ಆರಂಭದಲ್ಲಿ ಬ್ರಿಟನ್ ಸರ್ಕಾರ ತನ್ನ 2016ರ ತನಿಖಾಧಿಕಾರ ಕಾಯಿದೆಯನ್ನು ಬಳಸಿ, ಹೀಗೆ ಬೀಗ ಹಾಕಿದ ಸಂಗ್ರಹಕ್ಕೂ ತನಗೆ ದಾರಿ ಬೇಕೆಂದು ಗುಪ್ತ ನೋಟಿಸು ನೀಡಿತೆಂಬ ವರದಿ ಫೆಬ್ರವರಿ 7ರಂದು ಹೊರಬಿತ್ತು. ಇಂಥ ನೋಟಿಸು ಬಂದಿದೆಯೆಂದು ಹೇಳುವುದಕ್ಕೂ ಆ ಕಾಯಿದೆಯಲ್ಲಿ ನಿಷೇಧವಿದೆ. ಫೆಬ್ರವರಿ 21ರಂದು ಆಪಲ್ ಬ್ರಿಟನ್ನಿನ ಹೊಸ ಬಳಕೆದಾರರಿಗೆ ಆ ಏರ್ಪಾಡನ್ನೇ ನಿಲ್ಲಿಸಿತು. ತಾನು ಎಂದೂ ಹಿಂಬಾಗಿಲನ್ನು ನಿರ್ಮಿಸಿಲ್ಲ, ನಿರ್ಮಿಸುವುದೂ ಇಲ್ಲವೆಂದು ಹೇಳಿತು. ಬ್ರಿಟನ್ ತನ್ನ ಒತ್ತಾಯವನ್ನು ಕೈಬಿಟ್ಟಿತೆಂದು ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಹೇಳಿದರು. ಅಕ್ಟೋಬರ್‌ನಲ್ಲಿ, ಬ್ರಿಟಿಷ್ ಬಳಕೆದಾರರಿಗೆ ಮಾತ್ರ ಸೀಮಿತವಾದ ಹೊಸ ಆದೇಶದ ವರದಿ ಬಂತು. ಹಿಂಬಾಗಿಲು ಕಟ್ಟಲಿಲ್ಲ ಎಂಬ ಮಾತು ಅಕ್ಷರಶಃ ಸತ್ಯ. ಆದರೆ ಹೊಸದಾಗಿ ಮನೆ ಸೇರುವವರಿಗೆ ಬೀಗವನ್ನೇ ಕೊಡದಿದ್ದರೆ ಹಿಂಬಾಗಿಲಿನ ಅಗತ್ಯವಾದರೂ ಏನು?

ಈ ದೊಡ್ಡ ಸಂಸ್ಥೆಯ ಪಕ್ಕದಲ್ಲಿ ಒಂದು ಸಣ್ಣ ಸಂಸ್ಥೆಯನ್ನಿಟ್ಟು ನೋಡೋಣ. ಟೆಕ್ಸಾಸಿನ ಲಾಡಾರ್ ಲೆವಿಸನ್ ಎಂಬುವರು ಲವಾಬಿಟ್ ಎಂಬ ಮಿಂಚಂಚೆ ಸೇವೆಯನ್ನು ನಡೆಸುತ್ತಿದ್ದರು. ಬಳಕೆದಾರರು ನಾಲ್ಕು ಲಕ್ಷಕ್ಕೂ ಹೆಚ್ಚು. 2013ರ ಬೇಸಗೆಯಲ್ಲಿ ಒಬ್ಬ ಬಳಕೆದಾರನ ತನಿಖೆಗಾಗಿ ಸರ್ಕಾರ ಎಲ್ಲ ಬಳಕೆದಾರರ ಸಂಪರ್ಕವನ್ನೂ ಕಾಯುವ ಕೀಲಿಯನ್ನು ಕೇಳಿತು. ಆ ಬಳಕೆದಾರ ಎಡ್ವರ್ಡ್ ಸ್ನೋಡೆನ್ ಎಂಬುದು ಬಳಿಕ ಹೊರಬಂತು. ಲೆವಿಸನ್ ಕೀಲಿಯನ್ನು ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ 11 ಪುಟ ಮುದ್ರಿಸಿ ಒಪ್ಪಿಸಿದರು. ನ್ಯಾಯಾಲಯ ದಿನಕ್ಕೆ 5,000 ಡಾಲರ್ ದಂಡ ವಿಧಿಸಿತು. ಕಡೆಗೆ ಕೀಲಿಯನ್ನು ಕೊಟ್ಟರು; ಆದರೆ ಆಗಸ್ಟ್ 8ರಂದು ಸೇವೆಯನ್ನೇ ಮುಚ್ಚಿಬಿಟ್ಟರು. ಕೀಲಿ ಸಿಕ್ಕಿತು, ಬಾಗಿಲು ಇಲ್ಲವಾಯಿತು. ಅವರದು ಧೈರ್ಯವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಒಂದು ಪಾಠವಿದೆ: ಲಕ್ಷಾಂತರ ಜನರ ಗುಟ್ಟನ್ನು ಒಂದೇ ಕೀಲಿಗೆ ಕಟ್ಟಿ ಆ ಕೀಲಿಯನ್ನು ತನ್ನ ಬಳಿ ಇಟ್ಟುಕೊಂಡವನು ಎಷ್ಟೇ ಸಜ್ಜನನಾದರೂ ಒಂದು ದಿನ ಎಲ್ಲರನ್ನೂ ಒಪ್ಪಿಸಬೇಕಾಗುತ್ತದೆ, ಇಲ್ಲವೇ ಅಂಗಡಿ ಮುಚ್ಚಬೇಕಾಗುತ್ತದೆ.

ಗುಟ್ಟನ್ನು ಕಾಯುವ ವಿಷಯದಲ್ಲಿ ಪಾದ್ರಿಯೊಬ್ಬ ಇಷ್ಟು ಮಾತನಾಡಿದ ಮೇಲೆ ತನ್ನ ಮನೆಯ ಮಾತನ್ನೂ ಆಡಬೇಕು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುವಾದವನು ಯಾವ ಕಾರಣಕ್ಕೂ ಹೊರಗೆಡಹಲಾಗದು ಎಂದು ಧರ್ಮಸಭೆಯ ಕಾನೂನು ವಿಧಿಸುತ್ತದೆ. ಅದೇ ಕಾನೂನಿನ 490ನೆಯ ವಿಧಿಯಂತೆ ಧರ್ಮಕ್ಷೇತ್ರದ ಗುಪ್ತ ದಾಖಲೆಗಳ ಕಪಾಟಿನ ಕೀಲಿ ಧರ್ಮಾಧ್ಯಕ್ಷರೊಬ್ಬರ ಬಳಿ ಮಾತ್ರ ಇರತಕ್ಕದ್ದು. ಆ ಕಪಾಟುಗಳಲ್ಲಿ ಏನಿತ್ತು? ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2018ರ ಆಗಸ್ಟ್‌ನಲ್ಲಿ ಪ್ರಕಟವಾದ ಮಹಾನ್ಯಾಯದರ್ಶಿ ಮಂಡಳಿಯ ವರದಿ, ಆರು ಧರ್ಮಕ್ಷೇತ್ರಗಳ ಅಂಥ ದಾಖಲೆಗಳನ್ನು ಪರಿಶೀಲಿಸಿ, 300ಕ್ಕೂ ಹೆಚ್ಚು ಗುರುಗಳ ಮೇಲಿನ ಆರೋಪಗಳನ್ನೂ, ಸಾವಿರಕ್ಕೂ ಮಿಕ್ಕ ಮಕ್ಕಳ ನೋವನ್ನೂ ಬೆಳಕಿಗೆ ತಂದಿತು. ಸರ್ಕಾರ ಆ ಕಪಾಟು ತೆರೆಸಿದ್ದು ನ್ಯಾಯವೇ. ತಡವಾಗಿ ತೆರೆಸಿತೆಂಬುದೊಂದೇ ದುಃಖ. ಹೀಗಿರುವಾಗ ಗುಟ್ಟೆಲ್ಲವೂ ಪವಿತ್ರ ಎಂದು ನನ್ನಂಥವನು ಹೇಳಿದರೆ ಅದು ಆತ್ಮವಂಚನೆ. ಗುಟ್ಟು ದುರ್ಬಲನಿಗೆ ಆಸರೆ. ಬಲಶಾಲಿಗೆ ಅನೇಕ ವೇಳೆ ಅದು ಪರದೆ.

ಆದರೆ ಇಲ್ಲಿಯೇ ಭೇದವೂ ತಿಳಿಯುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಒಂದು ಸಂಸ್ಥೆಯನ್ನು, ಅದರದೇ ಕಪಾಟಿನ ವಿಷಯದಲ್ಲಿ, ಕಾನೂನಿನ ಎದುರು ನಿಲ್ಲಿಸಲಾಯಿತು. ಆ ಕಪಾಟು ತೆರೆದುದರಿಂದ ಊರಿನ ಯಾವ ಬಡವನ ಮನೆಯ ಬೀಗವೂ ಸಡಿಲಗೊಳ್ಳಲಿಲ್ಲ. ಎಲ್ಲರ ಮನೆಗೂ ಹೊಂದುವ ಕೀಲಿಯನ್ನು ಮೊದಲೇ ಎರಕ ಹೊಯ್ದು ಇಡಬೇಕೆಂಬ ಬೇಡಿಕೆ ಬೇರೆಯೇ ಜಾತಿಯದು. ನಿಗದಿತ ವ್ಯಕ್ತಿಯ ನಿಗದಿತ ವಸ್ತುವನ್ನು ಶೋಧಿಸುವುದು ರಾಜ್ಯದ ಕರ್ತವ್ಯ. ಯಾವಾಗಲಾದರೂ ಯಾರನ್ನಾದರೂ ಶೋಧಿಸಲು ಅನುಕೂಲವಾಗಲೆಂದು ಎಲ್ಲರ ಬಾಗಿಲನ್ನೂ ತೆಳುವಾಗಿ ಕಟ್ಟಿಸುವುದು ಕರ್ತವ್ಯದ ಮೇರೆ ಮೀರಿದ ನಡೆ. ಟಿಮ್ ಕುಕ್ ಅವರ ಪತ್ರ ಈ ಮೇರೆಯನ್ನು ಸರಿಯಾಗಿಯೇ ಗುರುತಿಸಿತು. ಅಷ್ಟರ ಮಟ್ಟಿಗೆ ನಾನು ಅವರ ಪಕ್ಷ.

ಇದು ದೂರದ ದೇಶದ ಜಗಳವೆಂದು ಭಾವಿಸಬೇಡಿ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ವಿಧಿಯಂತೆ, ಗೂಢಲಿಪಿಯನ್ನು ಬಿಡಿಸಿಕೊಡಲು ಸರ್ಕಾರ ಅಪ್ಪಣೆ ಮಾಡಬಹುದು. ನೆರವಾಗದವರಿಗೆ ಏಳು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯಿದೆ. 2010ರಲ್ಲಿ ಬ್ಲ್ಯಾಕ್‌ಬೆರಿ ಫೋನುಗಳ ಸಂದೇಶಗಳಿಗಾಗಿ ಸರ್ಕಾರ ಗಡುವು ನೀಡಿದಾಗ, ದೊಡ್ಡ ಸಂಸ್ಥೆಗಳ ಅಂಚೆಯ ಕೀಲಿ ಆಯಾ ಸಂಸ್ಥೆಗಳ ಬಳಿಯೇ ಇದೆ, ತನ್ನ ಬಳಿ ಇಲ್ಲವೆಂದು ಆ ಕೆನಡಾದ ಕಂಪನಿ ಉತ್ತರಿಸಿತು. ಸಾಮಾನ್ಯ ಬಳಕೆದಾರರ ಸಂದೇಶಗಳಿಗೆ ಮಾತ್ರ ಕ್ರಮೇಣ ದಾರಿಯಾಯಿತು. ಕೀಲಿ ಯಾರ ಬಳಿ ಇತ್ತೋ ಅವರ ಗುಟ್ಟು ಉಳಿಯಿತು! 2021ರ ನಿಯಮಗಳು ಸಂದೇಶವೊಂದರ ಮೊದಲ ಕರ್ತೃವನ್ನು ಗುರುತಿಸಿಕೊಡಬೇಕೆಂದಾಗ ವಾಟ್ಸ್‌ಆ್ಯಪ್ ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೋಯಿತು. ಗೂಢಲಿಪಿಯನ್ನು ಮುರಿಯಲು ಹೇಳಿದರೆ ತಾನು ಇಲ್ಲಿಂದ ಹೊರಡಬೇಕಾಗುತ್ತದೆ ಎಂದು 2024ರ ಏಪ್ರಿಲ್‌ನಲ್ಲಿ ಅದರ ವಕೀಲರು ಹೇಳಿದರು.

ಆದರೆ ನಮ್ಮ ದೇಶದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸ್ಥಾಪಿಸಿದ್ದು ಯಾವ ಕಂಪನಿಯ ಪತ್ರವೂ ಅಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಕ್ಕನ್ನು ಏಕಮತದಿಂದ ಎತ್ತಿಹಿಡಿಯಿತು. ಅವರು 2024ರಲ್ಲಿ ತೀರಿಕೊಂಡರು. ಆಪಲ್‌ನ ಪತ್ರ 'ಗ್ರಾಹಕರೇ' ಎಂದು ಕರೆಯಿತು. ಪುಟ್ಟಸ್ವಾಮಿಯವರ ಅರ್ಜಿ ನಾಗರಿಕನ ಹೆಸರಿನಲ್ಲಿ ಮಾತನಾಡಿತು. ಗ್ರಾಹಕನಿಗೆ ದೊರೆಯುವ ರಕ್ಷಣೆ ಕೊಟ್ಟ ಹಣಕ್ಕೆ, ಕೊಂಡ ದೇಶಕ್ಕೆ ತಕ್ಕಂತೆ ಏರಿಳಿಯುತ್ತದೆ. ನಾಗರಿಕನ ಹಕ್ಕಿಗೆ ಹಾಗೆ ಬೆಲೆಪಟ್ಟಿ ಇರಕೂಡದು.

ಪಾಪನಿವೇದನೆ ಕೇಳುವ ಗುರು ಗುಟ್ಟನ್ನು ಅರಿತೂ ಕಾಯುತ್ತಾನೆ, ಅದಕ್ಕಾಗಿ ಸೆರೆಮನೆಗೆ ಹೋಗಲೂ ಸಿದ್ಧನಿರಬೇಕು. ಕಂಪನಿಗೆ ಅಂತಃಕರಣವಿಲ್ಲ, ನಿಮ್ಮ ಸಲುವಾಗಿ ಅದು ಸೆರೆಮನೆಗೆ ಹೋಗದು. ಅದು ಗುಟ್ಟನ್ನು ಕಾಯಬಲ್ಲ ನಂಬಲರ್ಹ ವಿಧಾನ ಒಂದೇ: ಗುಟ್ಟು ತನಗೇ ತಿಳಿಯದಂತೆ, ಕೀಲಿ ತನ್ನ ಕೈಗೆ ಸಿಗದಂತೆ ಏರ್ಪಾಡು ಮಾಡಿಕೊಳ್ಳುವುದು. ಟಿಮ್ ಕುಕ್ ಅವರ ಪತ್ರ ಫೋನಿನ ವಿಷಯದಲ್ಲಿ ಈ ಪರೀಕ್ಷೆಯಲ್ಲಿ ಗೆದ್ದಿತು, ಬ್ಯಾಕಪ್‌ನ ವಿಷಯದಲ್ಲಿ ಸೋತಿತು. ಗೆದ್ದದ್ದನ್ನು ಗಟ್ಟಿಯಾಗಿ ಹೇಳಿ, ಸೋತದ್ದನ್ನು ಒಂದು ವಿಶೇಷಣದಲ್ಲಿ ಅಡಗಿಸಿತು.

ಆದಕಾರಣ ಪ್ರಿಯ ಓದುಗರೇ, ಮುಂದೆಂದಾದರೂ ಇಂಥ ಪತ್ರವೊಂದು ನಿಮ್ಮ ಕೈಸೇರಿದಾಗ ಅದರ ಶೈಲಿಗೆ ಮಾರುಹೋಗುವ ಮುನ್ನ, ಬರೆದವರು ಎಷ್ಟು ಧೀರರು ಎಂದು ವಿಚಾರಿಸುವ ಮುನ್ನ, ಒಂದು ಸರಳ ಪ್ರಶ್ನೆಯನ್ನು ಕೇಳಿರಿ: ಕೀಲಿಕೈ ಯಾರ ಬಳಿ ಇದೆ? ಅದೇ ಪ್ರಶ್ನೆಯನ್ನು ಸರ್ಕಾರಕ್ಕೂ ಕೇಳಿರಿ. ನಮ್ಮ ಕಪಾಟುಗಳ ಮುಂದೆ ನಿಂತು ನಮಗೂ ಕೇಳಿರಿ.